ಬಣ್ಣ ಹಚ್ಚಿದವರೇ ಕ್ಯಾಮೆರಾದ ಹಿಂದೆ ನಿಂತಾಗ: ಆರಂಭಕಾಲದ ನಟ-ನಿರ್ದೇಶಕರು ಮತ್ತು ಕರಾವಳಿಯ ಪಾಲು

ಸಿದ್ಧಕಟ್ಟೆ ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ರಸ್ತೆಯಲ್ಲಿರುವ ಊರು. ಸಿನಿಮಾದ ಚರಿತ್ರೆಯಲ್ಲಿ ಅದರ ಹೆಸರು ಎಲ್ಲಿಯೂ ಬರುವುದಿಲ್ಲ. ಆದರೆ ಅದನ್ನು ನಡುವೆ ಇಟ್ಟುಕೊಂಡು ಸುತ್ತಲೂ ಕಣ್ಣು ಹಾಯಿಸಿದರೆ ದಕ್ಷಿಣ ಭಾರತದ ಚಿತ್ರರಂಗದ ಒಂದು ದೊಡ್ಡ ಅಧ್ಯಾಯವೇ ಕಾಣುತ್ತದೆ. ಉತ್ತರಕ್ಕೆ ಹತ್ತಿರದಲ್ಲೇ ಮೂಡುಬಿದಿರೆ; ‘ಚೋಮನ ದುಡಿ’ಯ ಚೋಮನಾಗಿ ದೇಶದ ಅತ್ಯುತ್ತಮ ನಟನೆನಿಸಿದ ಎಂ.ವಿ. ವಾಸುದೇವರಾವ್ ಅಲ್ಲಿಯವರು. ದಕ್ಷಿಣಕ್ಕೆ ಬಂಟ್ವಾಳ ದಾಟಿದರೆ ಮಂಚಿ; ಆ ಚಿತ್ರವನ್ನು ನಿರ್ದೇಶಿಸಿದ ಬಿ.ವಿ. ಕಾರಂತರು ಹುಟ್ಟಿದ್ದು ಅಲ್ಲಿನ ಬಾಬುಕೋಡಿಯಲ್ಲಿ. ಅದಕ್ಕೂ ಆಚೆ ಪುತ್ತೂರು. ಆ ಕಥೆ ಬರೆದ ಶಿವರಾಮ ಕಾರಂತರು ಅಲ್ಲಿ ನೆಲೆಸಿ, ಮೂಕಿ ಚಿತ್ರಗಳ ಕಾಲದಲ್ಲೇ ಕ್ಯಾಮೆರಾ ಹಿಡಿದವರು. ಪಡುವಣಕ್ಕೆ ಮಂಗಳೂರು, ತಮಿಳು ಚಿತ್ರರಂಗದ ಅತಿ ದೊಡ್ಡ ಯಶಸ್ಸುಗಳಲ್ಲಿ ಒಂದಾದ ‘ಹರಿದಾಸ್’ ಚಿತ್ರದ ನಿರ್ದೇಶಕ ಸುಂದರರಾವ್ ನಾಡಕರ್ಣಿ ಅಲ್ಲಿಯವರು.

ಇವರಲ್ಲಿ ಕೆಲವರು ನಟರಾಗಿ ಬಂದು ನಿರ್ದೇಶಕರಾದರು. ಕೆಲವರು ನಿರ್ದೇಶನದ ಕಸುಬನ್ನು ರಂಗದ ಮೇಲೆ ಬಣ್ಣ ಹಚ್ಚಿ ಕಲಿತರು. ಆರಂಭಕಾಲದ ಚಿತ್ರರಂಗವನ್ನು ಕಟ್ಟಿದ್ದು ಇಂಥ ನಟ-ನಿರ್ದೇಶಕರು. ಅವರು ಎಲ್ಲಿಂದ ಬಂದರು, ಅವರಿಗೇ ಆ ಕೆಲಸ ಏಕೆ ಬಂತು, ಅವರ ದುಡಿಮೆಯಲ್ಲಿ ಇಂದು ನಮ್ಮ ಕೈಗೆ ಸಿಗುವುದೆಷ್ಟು, ಕರಾವಳಿಯ ಪಾಲು ಏಕೆ ಮರೆಗೆ ಸರಿಯಿತು ಎಂಬುದನ್ನು ಒಟ್ಟಾಗಿ ನೋಡುವುದು ಈ ಲೇಖನದ ಉದ್ದೇಶ.

ನಟನೇ ನಿರ್ದೇಶಕನಾದದ್ದೇಕೆ

ಸಿನಿಮಾ ಹುಟ್ಟಿದಾಗ ‘ನಿರ್ದೇಶಕ’ ಎಂಬ ಪ್ರತ್ಯೇಕ ಕಸುಬು ಇರಲಿಲ್ಲ. ಇಂಗ್ಲೆಂಡಿನಲ್ಲಿ ಸೆಸಿಲ್ ಹೆಪ್‌ವರ್ತ್ 1905ರಲ್ಲಿ ‘ರೆಸ್ಕ್ಯೂಡ್ ಬೈ ರೋವರ್’ ತಯಾರಿಸಿದಾಗ ಮಗುವನ್ನು ಕಳೆದುಕೊಂಡ ತಂದೆಯ ಪಾತ್ರವನ್ನು ತಾನೇ ಮಾಡಿದ. ತಾಯಿಯಾಗಿ ಅವನ ಹೆಂಡತಿ ನಟಿಸಿದಳು, ಮಗು ಅವರದೇ, ನಾಯಿಯೂ ಮನೆಯದೇ. ಆ ಚಿತ್ರಕ್ಕೆ ಎಷ್ಟು ಬೇಡಿಕೆ ಬಂತೆಂದರೆ ಪ್ರತಿಗಳನ್ನು ತೆಗೆದು ತೆಗೆದು ನೆಗೆಟಿವ್ ಸವೆದುಹೋಗಿ, ಇಡೀ ಚಿತ್ರವನ್ನು ಮತ್ತೆ ಮತ್ತೆ ಚಿತ್ರೀಕರಿಸಬೇಕಾಯಿತು. ಲಂಡನ್ನಿನ ಸಂಗೀತ-ವಿನೋದ ರಂಗಮಂದಿರಗಳಲ್ಲಿ ಪಳಗಿದ ಚಾರ್ಲಿ ಚಾಪ್ಲಿನ್ 1914ರಲ್ಲಿ ಅಮೆರಿಕದ ಕೀಸ್ಟೋನ್ ಕಂಪನಿಯ ಚಿತ್ರಗಳಲ್ಲಿ ಮೊದಲ ಬಾರಿ ಕಾಣಿಸಿಕೊಂಡ. ಅದೇ ವರ್ಷ ತನ್ನ ಚಿತ್ರಗಳನ್ನು ತಾನೇ ನಿರ್ದೇಶಿಸತೊಡಗಿದ. ಫ್ರೆಡ್ ಕಾರ್ನೋನ ವಿನೋದ ನಾಟಕ ತಂಡದಲ್ಲಿ ದಿನವೂ ಪ್ರೇಕ್ಷಕರ ಮುಂದೆ ನಿಂತು, ಯಾವ ಕ್ಷಣಕ್ಕೆ ನಗು ಬರುತ್ತದೆ, ಎಷ್ಟು ಹೊತ್ತು ತಡೆದರೆ ಅದು ದುಪ್ಪಟ್ಟಾಗುತ್ತದೆ ಎಂದು ತಿಳಿದುಕೊಂಡಿದ್ದವನಿಗೆ ಬೇರೆಯವರ ಲೆಕ್ಕಾಚಾರ ಒಗ್ಗಲಿಲ್ಲ.

ನಮ್ಮಲ್ಲಿಯೂ ಕಾರಣ ಇದೇ. ಮೂವತ್ತರ ದಶಕದಲ್ಲಿ ಮಾತಿನ ಚಿತ್ರ ಬಂದಾಗ ಕಥೆ, ಸಂಭಾಷಣೆ, ಹಾಡು, ಹಾಡಬಲ್ಲ ನಟರು, ಅವರನ್ನು ನಡೆಸಬಲ್ಲ ಯಜಮಾನ ಎಲ್ಲರೂ ಒಂದೇ ಕಡೆ ಸಿಗುತ್ತಿದ್ದದ್ದು ನಾಟಕ ಕಂಪನಿಯಲ್ಲಿ. ಹಿನ್ನೆಲೆ ಗಾಯನ ಇನ್ನೂ ರೂಢಿಗೆ ಬಂದಿರಲಿಲ್ಲ. ತೆರೆಯ ಮೇಲೆ ಕಾಣಿಸಿಕೊಳ್ಳುವವರೇ ಕ್ಯಾಮೆರಾ ಓಡುತ್ತಿರುವಾಗ ಹಾಡಬೇಕಿತ್ತು, ಅದೂ ಮೈಕಿನ ವ್ಯಾಪ್ತಿ ಬಿಟ್ಟು ಕದಲದೆ. ಕೊನೆಯ ಸಾಲಿನವರಿಗೂ ಕೇಳುವಂತೆ ಕಂಠ ಎತ್ತಿ ರೂಢಿಯಾದವರು ಅದನ್ನು ತಗ್ಗಿಸಿ ಮಾತಾಡಲು ಕಲಿಯಬೇಕಾಯಿತು. ನಟರಿಗೆ ಅದನ್ನು ಹೇಳಿಕೊಡಬಲ್ಲವನು ನಟನ ಕಷ್ಟ ಬಲ್ಲವನೇ ಆಗಿರಬೇಕಿತ್ತು.

ಕರಾವಳಿಯವರಿಗೆ ಈ ಜೋಡಿ ಪಾತ್ರ ಹೊಸದಲ್ಲ. ಯಕ್ಷಗಾನದಲ್ಲಿ ಭಾಗವತನನ್ನು ‘ಒಂದನೇ ವೇಷ’ ಎನ್ನುತ್ತಾರೆ. ಬಣ್ಣ ಹಚ್ಚದಿದ್ದರೂ ಅವನೇ ಮೊದಲ ವೇಷಧಾರಿ, ಇಡೀ ಆಟದ ನಿರ್ದೇಶಕನೂ ಅವನೇ. ಪದ ಎತ್ತುವುದು, ವೇಷಧಾರಿಯ ಕುಣಿತವನ್ನು ಹಿಗ್ಗಿಸುವುದು ಅಥವಾ ಕುಗ್ಗಿಸುವುದು, ಯಾರ ಪ್ರವೇಶ ಯಾವಾಗ ಎಂದು ತೀರ್ಮಾನಿಸುವುದು, ಬೆಳಗಾಗುವಷ್ಟರಲ್ಲಿ ಪ್ರಸಂಗವನ್ನು ಮಂಗಳಕ್ಕೆ ತರುವುದು ಎಲ್ಲವೂ ಅವನ ಜಾಗಟೆಯ ಪೆಟ್ಟಿನಲ್ಲಿರುತ್ತದೆ. ನಡೆಸುವವನು ರಂಗದ ಹೊರಗಿರುತ್ತಾನೆ ಎಂಬ ಕಲ್ಪನೆ ಈ ನೆಲದ್ದಲ್ಲ. ಇಲ್ಲಿಂದ ಸಿನಿಮಾಕ್ಕೆ ಹೋದವರನ್ನು ಅರ್ಥಮಾಡಿಕೊಳ್ಳುವಾಗ ಇದು ನೆನಪಿರಬೇಕು.

ಕನ್ನಡದ ಮೊದಲ ತಲೆಮಾರು

1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ‘ಸತಿ ಸುಲೋಚನ’ ಕನ್ನಡದ ಮೊದಲ ಮಾತಿನ ಚಿತ್ರ. ಇಂದಿಗೂ ಕನ್ನಡ ಚಿತ್ರರಂಗದ ದಿನವೆಂದು ಆಚರಿಸುವುದು ಆ ದಿನವನ್ನೇ. ಅದರ ನಿರ್ದೇಶಕ ವೈ.ವಿ. ರಾವ್ ನೆಲ್ಲೂರಿನ ಕಡೆಯವರು. ಮೂಕಿ ಚಿತ್ರಗಳಲ್ಲಿ ನಟರಾಗಿ ಹೆಸರು ಮಾಡಿ ನಿರ್ದೇಶನಕ್ಕೆ ಬಂದವರು. ಈ ಚಿತ್ರದಲ್ಲಿ ಲಕ್ಷ್ಮಣನ ಪಾತ್ರ ಅವರದೇ. ಇಂದ್ರಜಿತುವಾಗಿ ಎಂ.ವಿ. ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾವ್ ನಟಿಸಿದರು. ಸಾಹಿತ್ಯ ಬೆಳ್ಳಾವೆ ನರಹರಿ ಶಾಸ್ತ್ರಿಗಳದು. ಬಂಡವಾಳ ಹಾಕಿದವರು ಬೆಂಗಳೂರಿನಲ್ಲಿ ವ್ಯಾಪಾರ ನಡೆಸುತ್ತಿದ್ದ ಚಮನ್‌ಲಾಲ್ ಡುಂಗಾಜಿ. ಚಿತ್ರೀಕರಣ ನಡೆದದ್ದು ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಮಾತಿನ ಚಿತ್ರ ತೆಗೆಯುವಂಥ ಸ್ಟುಡಿಯೋ ಮೈಸೂರು ಸಂಸ್ಥಾನದಲ್ಲಿ ಇರಲಿಲ್ಲ. ತೆಲುಗಿನವನೊಬ್ಬ ಮಾರ್ವಾಡಿಯ ಹಣದಲ್ಲಿ, ಮರಾಠಿ ನೆಲದಲ್ಲಿ ಕನ್ನಡದ ಮೊದಲ ಚಿತ್ರ ತೆಗೆದ ಎಂಬುದರಲ್ಲೇ ಆ ಕಾಲದ ಸ್ವಭಾವ ಅಡಗಿದೆ. ಮುಂದೆ ವೈ.ವಿ. ರಾವ್ ತಮಿಳಿನಲ್ಲಿ ತೆಗೆದ ‘ಚಿಂತಾಮಣಿ’ (1937) ಭಾರೀ ಯಶಸ್ಸು ಕಂಡಿತು.

ಹೊಳಲ್ಕೆರೆಯಲ್ಲಿ 1896ರಲ್ಲಿ ಹುಟ್ಟಿದ ನಾಗೇಂದ್ರರಾಯರ ಬದುಕು ನಟ-ನಿರ್ದೇಶಕನ ಪಯಣಕ್ಕೆ ಪೂರ್ಣ ಮಾದರಿ. ಎಳವೆಯಲ್ಲೇ ನಾಟಕ ಕಂಪನಿ ಸೇರಿ ಸ್ತ್ರೀಪಾತ್ರ ಮಾಡಿದರು. ಮಾತಿನ ಚಿತ್ರ ಬಂದಾಗ ಮುಂಬೈಗೆ ಹೋಗಿ ಕ್ಯಾಮೆರಾದ ಎದುರು ನಿಂತರು. ಸುಬ್ಬಯ್ಯ ನಾಯ್ಡು ಅವರ ಜೊತೆಗೂಡಿ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿ ಕಟ್ಟಿದರು. 1943ರಲ್ಲಿ ‘ಸತ್ಯ ಹರಿಶ್ಚಂದ್ರ’ವನ್ನು ನಿರ್ದೇಶಿಸಿದರು. ನಿರ್ಮಾಪಕ ಎ.ವಿ. ಮೇಯಪ್ಪನ್ ಅದನ್ನು ತಮಿಳಿಗೆ ಡಬ್ ಮಾಡಿ ಬಿಡುಗಡೆ ಮಾಡಿದ್ದು ಭಾರತದಲ್ಲಿ ಡಬ್ಬಿಂಗ್‌ನ ಮೊದಲ ಪ್ರಯತ್ನವೆಂದು ಹೆಸರಾಗಿದೆ. ಬಳಿಕ ‘ಮಹಾತ್ಮ ಕಬೀರ್’, ‘ಜಾತಕ ಫಲ’, ‘ಪ್ರೇಮದ ಪುತ್ರಿ’, ‘ವಿಜಯನಗರದ ವೀರಪುತ್ರ’ ಬಂದವು. ಅವರ ಮಕ್ಕಳಲ್ಲಿ ಆರ್.ಎನ್. ಜಯಗೋಪಾಲ್ ಗೀತರಚನೆಕಾರರಾದರು, ಆರ್.ಎನ್.ಕೆ. ಪ್ರಸಾದ್ ಛಾಯಾಗ್ರಾಹಕರಾದರು, ಆರ್.ಎನ್. ಸುದರ್ಶನ್ ನಟರಾದರು. ನಾಟಕ ಕಂಪನಿಯಲ್ಲಿ ಒಬ್ಬನ ಕೈಯಲ್ಲೇ ಇದ್ದ ವಿದ್ಯೆಗಳು ಒಂದು ತಲೆಮಾರಿನಲ್ಲಿ ಬೇರೆ ಬೇರೆ ಕಸುಬುಗಳಾದವು.

ಎಚ್.ಎಲ್.ಎನ್. ಸಿಂಹ ಕೂಡ ರಂಗದಿಂದ ಬಂದ ನಟ, ನಾಟಕಕಾರ. ಅವರು 1936ರಲ್ಲಿ ನಿರ್ದೇಶಿಸಿದ ‘ಸಂಸಾರ ನೌಕ’ ಪುರಾಣ ಬಿಟ್ಟು ಸಮಕಾಲೀನ ಬದುಕಿಗೆ ಬಂದ ಕನ್ನಡದ ಮೊದಲ ಚಿತ್ರ. 1954ರಲ್ಲಿ ‘ಬೇಡರ ಕಣ್ಣಪ್ಪ’ದ ಮೂಲಕ ಗುಬ್ಬಿ ಕಂಪನಿಯ ಮುತ್ತುರಾಜರನ್ನು ನಾಯಕನಾಗಿಸಿ ರಾಜ್‌ಕುಮಾರ್ ಎಂದು ನಾಡಿಗೆ ಕೊಟ್ಟವರೂ ಅವರೇ.

ಮಂಗಳೂರಿನಿಂದ ಹೊರಟವರು

ಸಾಹಿತ್ಯ ಸಾಮ್ರಾಜ್ಯ ಮಂಡಳಿಯ ‘ಭೂಕೈಲಾಸ’ ನಾಟಕದ ಯಶಸ್ಸನ್ನು ಕಂಡ ಮೇಯಪ್ಪನ್ 1940ರಲ್ಲಿ ಅದನ್ನು ತೆಲುಗಿನಲ್ಲಿ ಸಿನಿಮಾ ಮಾಡಿಸಿದರು. ಸುಬ್ಬಯ್ಯ ನಾಯ್ಡು ರಾವಣ, ನಾಗೇಂದ್ರರಾವ್ ನಾರದ. ನಿರ್ದೇಶನದ ಹೊಣೆ ಬಂದದ್ದು ಮಂಗಳೂರಿನ ಸುಂದರರಾವ್ ನಾಡಕರ್ಣಿಯವರಿಗೆ. ಕೊಂಕಣಿ ಮನೆಮಾತಿನ ಈ ಮನುಷ್ಯ ಮುಂಬೈಯ ಮೂಕಿ ಚಿತ್ರಗಳಲ್ಲಿ ನಟನಾಗಿ ಆರಂಭಿಸಿ, ಸಂಕಲನ ಕಲಿತು, ಮದ್ರಾಸಿಗೆ ಬಂದು ನಿರ್ದೇಶಕರಾದರು. ‘ಶಾಂತ ಸಕ್ಕುಬಾಯಿ’, ‘ಎನ್ ಮನೈವಿ’ ಮುಂತಾದ ಚಿತ್ರಗಳ ಬಳಿಕ 1944ರ ದೀಪಾವಳಿಗೆ ಅವರ ‘ಹರಿದಾಸ್’ ತೆರೆಕಂಡಿತು. ಹೆತ್ತವರನ್ನು ಕಡೆಗಣಿಸಿ ಭೋಗದಲ್ಲಿ ಮುಳುಗಿ, ಎಲ್ಲ ಕಳೆದುಕೊಂಡ ಮೇಲೆ ಅವರ ಸೇವೆಯಲ್ಲೇ ದೇವರನ್ನು ಕಾಣುವವನ ಕಥೆ ಅದು. ಎಂ.ಕೆ. ತ್ಯಾಗರಾಜ ಭಾಗವತರ್ ನಾಯಕ, ಟಿ.ಆರ್. ರಾಜಕುಮಾರಿ ನಾಯಕಿ. ಮದ್ರಾಸಿನ ಬ್ರಾಡ್‌ವೇ ಚಿತ್ರಮಂದಿರದಲ್ಲಿ ಅದು ಮೂರು ದೀಪಾವಳಿಗಳನ್ನು ಕಂಡಿತು ಎಂಬುದು ತಮಿಳು ಚಿತ್ರರಂಗದಲ್ಲಿ ಇಂದಿಗೂ ಹೆಮ್ಮೆಯ ಮಾತು.

ಭಾಗವತರ್ ಹಾಡು ಅದರ ಜೀವಾಳ, ಸರಿ. ಆದರೆ ಹಾಡಿನಿಂದ ಹಾಡಿಗೆ ಕಥೆ ಬಿಗಿ ಕಳೆದುಕೊಳ್ಳದೆ ಸಾಗುವುದು ನಿರ್ದೇಶಕನ ಕೆಲಸ. ಸಂಕಲನದ ಮೇಜಿನ ಮೇಲೆ ದುಡಿದ ಅನುಭವ ನಾಡಕರ್ಣಿಯವರ ಕೈಹಿಡಿದಿರಬೇಕು. ಹೀಗಿದ್ದೂ ಅವರ ಹೆಸರು ನಮ್ಮ ಜಿಲ್ಲೆಯಲ್ಲಿ ಎಷ್ಟು ಜನರಿಗೆ ಗೊತ್ತು? ನಾವು ಸಿನಿಮಾ ಚರಿತ್ರೆಯನ್ನು ಭಾಷೆಯ ಪ್ರಕಾರ ಬರೆದುಕೊಂಡಿದ್ದೇವೆ. ತಮಿಳರಿಗೆ ‘ಹರಿದಾಸ್’ ಭಾಗವತರ್ ಚಿತ್ರ. ತೆಲುಗರಿಗೆ ‘ಭೂಕೈಲಾಸ’ ಮೇಯಪ್ಪನ್ ಚಿತ್ರ. ಕನ್ನಡದವರ ಲೆಕ್ಕಕ್ಕೆ ಅವೆರಡೂ ಬರುವುದಿಲ್ಲ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂದು ಬಾಳುವ ಊರಿನವನು ಹೊಟ್ಟೆಪಾಡಿಗೆ ನಾಲ್ಕನೆಯ, ಐದನೆಯ ಭಾಷೆಯಲ್ಲಿ ದುಡಿದರೆ ಅವನು ಯಾರ ಪಟ್ಟಿಯಲ್ಲಿಯೂ ನಿಲ್ಲುವುದಿಲ್ಲ.

ಕಮಲಾದೇವಿ ಚಟ್ಟೋಪಾಧ್ಯಾಯರ ವಿಷಯದಲ್ಲಿಯೂ ಒಂದು ಮಗ್ಗುಲು ಮರೆತುಹೋಗಿದೆ. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಅವರನ್ನು ಸ್ವಾತಂತ್ರ್ಯ ಹೋರಾಟಗಾರ್ತಿ ಎಂದು, ಕರಕುಶಲ ಕಲೆಗಳಿಗೆ ಮರುಹುಟ್ಟು ಕೊಟ್ಟವರು ಎಂದು ನೆನೆಯುತ್ತೇವೆ. ಮರ್ಯಾದಸ್ಥ ಮನೆತನದ ಹೆಣ್ಣುಮಕ್ಕಳು ರಂಗ ಹತ್ತುವುದೇ ಅಪವಾದವೆನಿಸಿದ್ದ ಕಾಲದಲ್ಲಿ ಅವರು ಮೋಹನ್ ಭವನಾನಿಯವರ ‘ವಸಂತಸೇನಾ’ ಎಂಬ ಮೂಕಿ ಚಿತ್ರದಲ್ಲಿ ನಟಿಸಿದರು. ಶೂದ್ರಕನ ‘ಮೃಚ್ಛಕಟಿಕ’ವನ್ನು ಆಧರಿಸಿದ ಚಿತ್ರವದು. ಮುಂದೆ ಹಿಂದಿಯ ‘ತಾನ್‌ಸೇನ್’ (1943) ಚಿತ್ರದಲ್ಲಿಯೂ ಕಾಣಿಸಿಕೊಂಡರು. ಅವರು ನಿರ್ದೇಶಕಿಯಾಗಲಿಲ್ಲ. ಆದರೂ ನಟನೆಯನ್ನು ಸಾರ್ವಜನಿಕ ಬದುಕಿನ ಗೌರವದ ಕೆಲಸವಾಗಿ ಕಂಡ ಅವರ ಧೈರ್ಯವಿಲ್ಲದೆ ಈ ಚಿತ್ರಣ ಪೂರ್ಣವಾಗದು.

ಪುತ್ತೂರಿನ ಪ್ರಯೋಗ

ಶಿವರಾಮ ಕಾರಂತರ ಸಿನಿಮಾ ಪ್ರಯತ್ನ ಇವರೆಲ್ಲರಿಗಿಂತ ಭಿನ್ನ. ಅವರು ಮುಂಬೈಗೆ, ಮದ್ರಾಸಿಗೆ ಹೋಗಿ ಕೆಲಸ ಹುಡುಕಲಿಲ್ಲ. ಮೂಕಿಯ ಕೊನೆಯ ವರ್ಷಗಳಲ್ಲಿ ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಎರಡು ಚಿತ್ರಗಳನ್ನು ತಾವಾಗಿ ತಯಾರಿಸಿದರು. ನಾಟಕ ಬರೆದು ಆಡಿಸುತ್ತಿದ್ದ, ಕುಣಿತ ಕಲಿತಿದ್ದ, ಯಕ್ಷಗಾನದ ಬೆನ್ನುಹತ್ತಿದ್ದ ಮನುಷ್ಯನಿಗೆ ಕ್ಯಾಮೆರಾ ಕೂಡ ಕೈಯಾಡಿಸಿ ನೋಡಬೇಕಾದ ಸಾಧನವಾಗಿತ್ತು.

ಮಾರುಕಟ್ಟೆಯಿಂದ ದೂರದ ಊರಿನಲ್ಲಿ ಇಂಥ ಪ್ರಯೋಗ ಉಳಿದು ಬೆಳೆಯುವುದು ಆಗ ಅಸಾಧ್ಯವಾಗಿತ್ತು. ಫಿಲ್ಮು, ಸಂಸ್ಕರಣೆ, ಪ್ರದರ್ಶಕರು ಎಲ್ಲವೂ ಹೊರಗಿನ ಪಟ್ಟಣಗಳಲ್ಲಿ. ನೆರೆಯ ಕೇರಳದಲ್ಲಿ ಜೆ.ಸಿ. ಡೇನಿಯಲ್ ‘ವಿಗತಕುಮಾರನ್’ ಎಂಬ ಮಲಯಾಳದ ಮೊದಲ ಚಿತ್ರವನ್ನು ನಿರ್ಮಿಸಿ, ನಿರ್ದೇಶಿಸಿ, ತಾವೇ ನಾಯಕರಾಗಿ ನಟಿಸಿ ಆಸ್ತಿಯನ್ನೆಲ್ಲ ಕಳೆದುಕೊಂಡರು. ಕಾರಂತರು ಮುಳುಗಲಿಲ್ಲ, ಸಾಹಿತ್ಯದ ಕಡೆ ಹೊರಳಿದರು. 1933ರಲ್ಲಿ ‘ಚೋಮನ ದುಡಿ’ ಪ್ರಕಟವಾಯಿತು. ದಶಕಗಳ ಬಳಿಕ ತಮ್ಮ ‘ಕುಡಿಯರ ಕೂಸು’ ಕಾದಂಬರಿಯನ್ನು ‘ಮಲೆಯ ಮಕ್ಕಳು’ ಎಂಬ ಚಿತ್ರವಾಗಿಸಿದಾಗ ನಿರ್ದೇಶಕರ ಕುರ್ಚಿಯಲ್ಲಿ ಮತ್ತೆ ಕುಳಿತರು. ಆ ಆಸೆ ಆರಿರಲಿಲ್ಲ.

ಎರಡು ಹೊಳೆ ಕೂಡಿದ ಜಾಗ

1975ರ ‘ಚೋಮನ ದುಡಿ’ ಈ ಇಡೀ ಕಥೆಯ ಸಂಗಮ. ನಿರ್ದೇಶಕ ಬಿ.ವಿ. ಕಾರಂತರು 1929ರಲ್ಲಿ ಮಂಚಿಯಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಮನೆಬಿಟ್ಟು ಗುಬ್ಬಿ ವೀರಣ್ಣನವರ ಕಂಪನಿ ಸೇರಿದವರು. ಪಾತ್ರ ಮಾಡಿದರು, ಹಾಡಿದರು, ರಂಗದ ಹಿಂದಿನ ಕೆಲಸಗಳನ್ನೆಲ್ಲ ಕಲಿತರು. ವೀರಣ್ಣನವರೇ ಅವರನ್ನು ಓದಲು ಬನಾರಸಿಗೆ ಕಳಿಸಿದರು. ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ಅದರ ನಿರ್ದೇಶಕರೂ ಆದರು. ಗಿರೀಶ ಕಾರ್ನಾಡರ ಜೊತೆಗೂಡಿ ‘ವಂಶವೃಕ್ಷ’ ನಿರ್ದೇಶಿಸಿ ರಾಷ್ಟ್ರಪ್ರಶಸ್ತಿ ಪಡೆದ ಮೇಲೆ ‘ಚೋಮನ ದುಡಿ’ಯನ್ನು ಒಬ್ಬರೇ ಕೈಗೆತ್ತಿಕೊಂಡರು.

ಚೋಮನ ಪಾತ್ರಕ್ಕೆ ಅವರು ಆರಿಸಿದ ವಾಸುದೇವರಾವ್ ತಾರೆಯಲ್ಲ. ನಾಟಕ ಕಂಪನಿಗಳಲ್ಲಿ ಬೆಳೆದು, ಚಿತ್ರಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡಿಕೊಂಡಿದ್ದವರು. ಆಗ ವಯಸ್ಸು ಐವತ್ತು ದಾಟಿತ್ತು. ಕಥೆಯ ಕೊನೆಯನ್ನು ನೆನಪಿಸಿಕೊಳ್ಳಿ. ಒಂದು ತುಂಡು ಭೂಮಿ ಉಳಬೇಕೆಂಬ ಆಸೆ ಬತ್ತಿದ ಮೇಲೆ ಚೋಮ ಸಾಕಿದ ಎತ್ತುಗಳನ್ನು ಕಾಡಿಗೆ ಅಟ್ಟುತ್ತಾನೆ. ಗುಡಿಸಲೊಳಗೆ ಬಾಗಿಲು ಹಾಕಿಕೊಂಡು ದುಡಿ ಬಾರಿಸತೊಡಗುತ್ತಾನೆ. ಹೇಳಬೇಕಾದದ್ದೆಲ್ಲ ಕೈ, ಮುಖ ಮತ್ತು ನಾದದ ಮೂಲಕವೇ ಬರಬೇಕು. ಕಂಪನಿ ನಾಟಕದ ನಟನಿಗೆ ಮಾತೇ ಬಂಡವಾಳ. ಅದನ್ನು ಕೆಳಗಿಟ್ಟು ಮೈಯಿಂದಲೇ ನಟಿಸಲು ಅಪಾರ ಸಂಯಮ ಬೇಕು. ರಂಗಸಂಗೀತವನ್ನು ಉಸಿರಾಡಿದ ನಿರ್ದೇಶಕನಿಗೆ ದುಡಿಯ ಏರಿಳಿತವನ್ನೇ ಸಂಭಾಷಣೆಯಾಗಿಸುವುದು ಗೊತ್ತಿತ್ತು. ಚಿತ್ರಕ್ಕೆ ಸ್ವರ್ಣಕಮಲ ಬಂತು, ಶಿವರಾಮ ಕಾರಂತರಿಗೆ ಕಥೆಯ ಪ್ರಶಸ್ತಿ ಬಂತು, ವಾಸುದೇವರಾವ್ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡ ನಟರಾದರು. ಮೃಣಾಲ್ ಸೇನ್ ತೆಲುಗಿನಲ್ಲಿ ‘ಒಕ ಊರಿ ಕಥಾ’ (1977) ತೆಗೆದಾಗ ಮುಖ್ಯ ಪಾತ್ರಕ್ಕೆ ಅವರನ್ನೇ ಕರೆದರು.

ಪುತ್ತೂರಿನ ಕಥೆ, ಮಂಚಿಯ ನಿರ್ದೇಶಕ, ಮೂಡುಬಿದಿರೆಯ ನಟ. ಮೂವರೂ ಒಂದೇ ಸೀಮೆಯವರು. ಇದನ್ನು ಕಾಕತಾಳೀಯ ಎಂದು ಬಿಟ್ಟುಬಿಡಲಾಗದು. ನಿರ್ದೇಶಕ, ನಟ ಇಬ್ಬರನ್ನೂ ರೂಪಿಸಿದ್ದು ಕಂಪನಿ ನಾಟಕ. ಮೂವರ ಕಿವಿಯಲ್ಲಿಯೂ ಇದ್ದದ್ದು ಈ ನೆಲದ ಆಟ, ಕೋಲ, ದುಡಿಗಳ ಸದ್ದು.

ತುಳು ಚಿತ್ರಗಳಲ್ಲಿ ಅದೇ ದಾರಿ

1971ರಲ್ಲಿ ಎಸ್.ಆರ್. ರಾಜನ್ ನಿರ್ದೇಶನದ ‘ಎನ್ನ ತಂಗಡಿ’ಯಿಂದ ತುಳು ಚಿತ್ರರಂಗ ಆರಂಭವಾಯಿತು. ಕನ್ನಡದಲ್ಲಿ ನಾಲ್ಕು ದಶಕದ ಹಿಂದೆ ನಡೆದದ್ದೇ ಇಲ್ಲಿಯೂ ನಡೆಯಿತು. ನಟ, ನಾಟಕಕಾರ ಕೆ.ಎನ್. ಟೈಲರ್ ಅವರಂಥವರು ರಂಗದ ಅನುಭವವನ್ನು ತೆರೆಗೆ ತಂದರು. ಸಾಹಿತಿ ವಿಶುಕುಮಾರ್ 1973ರಲ್ಲಿ ‘ಕೋಟಿ ಚೆನ್ನಯ’ ನಿರ್ದೇಶಿಸಿದರು; ಪಾಡ್ದನಗಳಲ್ಲಿ, ಯಕ್ಷಗಾನದಲ್ಲಿ ಜನ ಬಲ್ಲ ಕಥೆ ಅದು. 2011ರಲ್ಲಿ ವಿಜಯಕುಮಾರ್ ಕೊಡಿಯಾಲ್‌ಬೈಲ್ ತಮ್ಮದೇ ನಾಟಕ ‘ಒರಿಯರ್ದೊರಿ ಅಸಲ್’ ಅನ್ನು ಚಿತ್ರವಾಗಿಸಿ ಗೆದ್ದರು. ರಂಗನಟ ದೇವದಾಸ್ ಕಾಪಿಕಾಡ್ ನಿರ್ದೇಶನಕ್ಕೆ ಬಂದರು. ಕಾರಣವೂ ಹಳೆಯದೇ: ಊರೂರು ಸುತ್ತಿದ ತಂಡಕ್ಕೆ ಪಳಗಿದ ನಟರಿರುತ್ತಾರೆ, ನೂರಾರು ಪ್ರದರ್ಶನಗಳಲ್ಲಿ ಪರೀಕ್ಷೆಯಾದ ಹಾಸ್ಯವಿರುತ್ತದೆ, ಹೆಸರು ಕೇಳಿದೊಡನೆ ಬರುವ ಪ್ರೇಕ್ಷಕರಿರುತ್ತಾರೆ. ಸಣ್ಣ ಮಾರುಕಟ್ಟೆಯ ಭಾಷೆಗೆ ಇದೇ ನಿಜವಾದ ಬಂಡವಾಳ.

ಇಂದು ರಕ್ಷಿತ್ ಶೆಟ್ಟಿ, ರಾಜ್ ಬಿ. ಶೆಟ್ಟಿ, ರಿಷಬ್ ಶೆಟ್ಟಿ ತಾವೇ ಬರೆದು, ನಿರ್ದೇಶಿಸಿ, ನಟಿಸುವುದನ್ನು ಹೊಸ ಅಲೆ ಎಂದು ಕರೆಯುತ್ತಾರೆ. ‘ಕಾಂತಾರ’ದ ನಟನೆಗಾಗಿ ರಿಷಬ್‌ಗೆ ರಾಷ್ಟ್ರಪ್ರಶಸ್ತಿ ಬಂದಾಗ ಕರಾವಳಿ ಸಂಭ್ರಮಿಸಿತು. ಸಂಭ್ರಮ ನ್ಯಾಯವಾದದ್ದೇ. ಆದರೆ ಅವರ ಬೆನ್ನ ಹಿಂದೆ ಮೂಕಿ ಕಾಲದಿಂದ ಬಂದ ಪರಂಪರೆಯಿದೆ ಎಂದು ಹೇಳುವವರು ವಿರಳ.

ಉಳಿದದ್ದೆಷ್ಟು

ಆ ಪರಂಪರೆ ಕಾಣದಿರುವುದಕ್ಕೆ ದೊಡ್ಡ ಕಾರಣ ಚಿತ್ರಗಳೇ ಇಲ್ಲದಿರುವುದು. ‘ಸತಿ ಸುಲೋಚನ’ದ ಒಂದು ಪ್ರತಿಯೂ ಉಳಿದಿಲ್ಲ. ‘ವಿಗತಕುಮಾರನ್’ ಇಲ್ಲ. ಭಾರತದಲ್ಲಿ ಸುಮಾರು 1,700 ಮೂಕಿ ಚಿತ್ರಗಳು ತಯಾರಾಗಿದ್ದು, ಕೈಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ ಎಂದು ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿದ ಪಿ.ಕೆ. ನಾಯರ್ ಹೇಳುತ್ತಿದ್ದರು. ಆ ಸಂಗ್ರಹಾಲಯ ಪುಣೆಯಲ್ಲಿ ಆರಂಭವಾದದ್ದು 1964ರಲ್ಲಿ. ಅಷ್ಟರಲ್ಲಿ ಹೆಚ್ಚಿನವು ಹಾಳಾಗಿದ್ದವು. ಅಂದಿನ ನೈಟ್ರೇಟ್ ಫಿಲ್ಮು ಬೇಗ ಬೆಂಕಿ ಹಿಡಿಯುತ್ತಿತ್ತು, ಸೆಕೆ-ತೇವಕ್ಕೆ ಕೊಳೆಯುತ್ತಿತ್ತು. ಅದರಲ್ಲಿದ್ದ ಬೆಳ್ಳಿಗಾಗಿ ಕರಗಿಸಿದ್ದೂ ಉಂಟು. ಇಂಗ್ಲೆಂಡಿನಲ್ಲಿ ಹೆಪ್‌ವರ್ತ್‌ನ ಕಂಪನಿ 1924ರಲ್ಲಿ ದಿವಾಳಿಯಾದಾಗ ಅವನ ನೆಗೆಟಿವ್‌ಗಳಿಗೂ ಇದೇ ಗತಿಯಾಯಿತು. ಹೊರಗೆ, ದೊಡ್ಡ ಕಂಪನಿಗಳಿಗಾಗಿ ತೆಗೆದ ‘ಹರಿದಾಸ್’ ಇಂದಿಗೂ ನೋಡಲು ಸಿಗುತ್ತದೆ. ಸ್ವಂತ ಊರಿನಲ್ಲಿ ಸ್ವಂತ ಹಟದಿಂದ ಮಾಡಿದ ಕೆಲಸಕ್ಕೆ ಅಂಥ ಆಸರೆ ಇರಲಿಲ್ಲ.

ಚಿತ್ರ ಹೋದರೂ ಸುತ್ತಲಿನ ಸಾಕ್ಷ್ಯ ಪೂರ್ತಿ ಹೋಗಿರುವುದಿಲ್ಲ. ಆಗ ಚಿತ್ರಮಂದಿರದ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳು, ಗ್ರಾಮಫೋನ್ ತಟ್ಟೆಗಳು, ಕರಪತ್ರಗಳು, ಟೂರಿಂಗ್ ಟಾಕೀಸಿನ ಟಿಕೆಟು ಪುಸ್ತಕಗಳು, ನಾಟಕ ತಂಡಗಳ ಫೋಟೋಗಳು ಹಳೆ ಮನೆಗಳ ಅಟ್ಟದಲ್ಲಿ, ಮರದ ಪೆಟ್ಟಿಗೆಗಳಲ್ಲಿ ಇರಬಹುದು. ಮನೆ ಕೆಡವಿ ಹೊಸದು ಕಟ್ಟುವಾಗ ಮೊದಲು ಗುಜರಿಗೆ ಹೋಗುವುದು ಇವೇ. ಎಪ್ಪತ್ತರ ದಶಕದ ತುಳು ಚಿತ್ರಗಳಲ್ಲಿ ದುಡಿದವರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ. ಅವರ ಮಾತನ್ನು ದಾಖಲಿಸಲು ಈಗ ಒಂದು ಫೋನ್ ಸಾಕು.

ಮಾಡಬೇಕಾದ್ದು ಎರಡು. ಮೊದಲನೆಯದು, ಚರಿತ್ರೆಯನ್ನು ಭಾಷೆಯ ಜೊತೆಗೆ ಊರಿನ ಪ್ರಕಾರವೂ ಬರೆಯುವುದು. ಆಗ ನಾಡಕರ್ಣಿ, ಕಮಲಾದೇವಿ, ಇಬ್ಬರು ಕಾರಂತರು, ವಾಸುದೇವರಾವ್, ಟೈಲರ್ ಒಂದೇ ಪುಟದಲ್ಲಿ ಬರುತ್ತಾರೆ. ಯಕ್ಷಗಾನ, ಕಂಪನಿ ನಾಟಕ, ಮೂಕಿ, ಮಾತಿನ ಚಿತ್ರ, ತುಳು ಸಿನಿಮಾ ಒಂದೇ ಎಳೆಯಾಗಿ ಕಾಣುತ್ತವೆ. ಎರಡನೆಯದು, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಾಲೇಜುಗಳು ಮತ್ತು ಊರಿನ ಗ್ರಂಥಾಲಯಗಳು ಆ ಕಾಗದಪತ್ರಗಳನ್ನು ಕೇಳಿ ಪಡೆದು, ಪ್ರತಿ ಮಾಡಿಟ್ಟು ಮೂಲವನ್ನು ಮನೆಯವರಿಗೆ ಹಿಂದಿರುಗಿಸುವುದು. ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ದೀಪಾವಳಿಯವರೆಗೆ ಕರಾವಳಿಯಲ್ಲಿ ಬಿಡುವಿನ ಮಳೆಗಾಲ. ಒಂದು ಮಳೆಗಾಲವನ್ನು ಇದಕ್ಕೆ ಮೀಸಲಿಟ್ಟರೆ ಒಂದು ಸೀಮೆಯ ದಾಖಲೆಯ ಮೊದಲ ಕಂತು ಸಿದ್ಧವಾಗುತ್ತದೆ. ಈಗ ತೆರೆಯ ಮೇಲೆ ಗೆಲ್ಲುತ್ತಿರುವ ತಲೆಮಾರಿಗೆ ಹಣವೂ ಇದೆ, ಜನರ ಪ್ರೀತಿಯೂ ಇದೆ. ಈ ಕೆಲಸಕ್ಕೆ ಅವರು ಮುಂದಾಳುಗಳಾಗಲಿ.